ಬಗ್ದಾದಿನಿಂದ ಆಶಾವರೆಗೆ: ಆರೋಗ್ಯ ಕಾರ್ಯಕರ್ತರನ್ನು ಎಣಿಸಿದ ಚರಿತ್ರೆ

ಇಷ್ಟು ಸಾವಿರ ಜನರಿಗೆ ಒಬ್ಬ ವೈದ್ಯ, ಇಷ್ಟು ಜನರಿಗೆ ಒಬ್ಬಳು ದಾದಿ ಎಂಬ ಅಂಕಿಗಳನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಒಂದು ದೇಶ ಮುಂದುವರಿದಿದೆಯೋ ಹಿಂದುಳಿದಿದೆಯೋ ಎಂದು ಹೇಳಲು ಪತ್ರಿಕೆಗಳೂ ಇವೇ ಅಂಕಿಗಳನ್ನು ಕೊಡುತ್ತವೆ. ಆದರೆ ಆ ಲೆಕ್ಕವನ್ನು ಮಾಡಿದವರು ಯಾರು, ಹೇಗೆ ಮಾಡಿದರು, ಯಾರನ್ನು ಸೇರಿಸಿದರು, ಯಾರನ್ನು ಬಿಟ್ಟರು ಎಂದು ಕೇಳುವವರು ಕಡಿಮೆ. ದನಕರುಗಳನ್ನು ಎಣಿಸಿದಂತೆ ವೈದ್ಯರನ್ನು ಎಣಿಸಲಾಗುವುದಿಲ್ಲ. ಮೊದಲು ವೈದ್ಯ ಎಂದರೆ ಯಾರು ಎಂದು ತೀರ್ಮಾನವಾಗಬೇಕು. ಆ ತೀರ್ಮಾನ ಕಾಲಕಾಲಕ್ಕೆ, ದೇಶದೇಶಕ್ಕೆ ಬದಲಾಗುತ್ತ ಬಂದಿದೆ. ಅಂಕಿಯೂ ಅದರ ಹಿಂದೆಯೇ ಬದಲಾಗಿದೆ.

ಈ ಚರಿತ್ರೆಯನ್ನು ಯುರೋಪಿನಿಂದ ಆರಂಭಿಸುವುದು ವಾಡಿಕೆ. ಆದರೆ ಅದಕ್ಕಿಂತ ಬಹಳ ಹಿಂದೆಯೇ ಬಗ್ದಾದಿನಲ್ಲಿ ಒಂದು ಎಣಿಕೆ ನಡೆದಿತ್ತು. ಹಿಜರಿ 319, ಅಂದರೆ ಕ್ರಿ.ಶ. 931. ಅಬ್ಬಾಸಿ ಖಲೀಫ ಅಲ್ ಮುಕ್ತದಿರ್ ಆಳುತ್ತಿದ್ದ ಕಾಲ. ವೈದ್ಯನೊಬ್ಬನ ತಪ್ಪಿನಿಂದ ರೋಗಿಯೊಬ್ಬ ಸತ್ತ ಸುದ್ದಿ ಖಲೀಫನ ಕಿವಿಗೆ ಬಿತ್ತು. ಪರೀಕ್ಷೆಗೆ ಒಳಗಾಗದ ಯಾರೂ ಇನ್ನು ಮುಂದೆ ವೈದ್ಯ ಮಾಡಕೂಡದೆಂದು ಅವನು ಮುಹ್ತಸಿಬನಿಗೆ ಆಜ್ಞೆ ಮಾಡಿದ. ಮುಹ್ತಸಿಬ್ ಎಂದರೆ ಪೇಟೆಯ ತೂಕ, ಅಳತೆ, ಕಸುಬುಗಳ ಮೇಲೆ ಕಣ್ಣಿಟ್ಟಿರುವ ಅಧಿಕಾರಿ. ನಾವು ಕನ್ನಡದಲ್ಲಿ ದಿನನಿತ್ಯ ಬಳಸುವ 'ಹಿಸಾಬು' ಎಂಬ ಪದವೂ ಈ ಪದವೂ ಅರಬಿಯಲ್ಲಿ ಒಂದೇ ಧಾತುವಿನಿಂದ ಹುಟ್ಟಿದವು. ಪರೀಕ್ಷಿಸುವ ಹೊಣೆ ಸಿನಾನ್ ಇಬ್ನ್ ಸಾಬಿತ್ ಎಂಬ ಹಿರಿಯ ವೈದ್ಯನದಾಯಿತು. ಈತ ಹರ್‍ರಾನಿನ ಸಾಬಿ ಮನೆತನದವನು, ಪ್ರಸಿದ್ಧ ಗಣಿತಜ್ಞ ಸಾಬಿತ್ ಇಬ್ನ್ ಕುರ್‍ರಾನ ಮಗ. ಪರೀಕ್ಷೆ ಮುಗಿದಾಗ ಬಗ್ದಾದಿನ ಎರಡೂ ದಂಡೆಗಳಲ್ಲಿ 860ಕ್ಕೂ ಹೆಚ್ಚು ವೈದ್ಯರು ಲೆಕ್ಕಕ್ಕೆ ಸಿಕ್ಕಿದರು. ಈಗಾಗಲೇ ಹೆಸರು ಮಾಡಿದ್ದವರಿಗೂ ದೊರೆಯ ಸೇವೆಯಲ್ಲಿದ್ದವರಿಗೂ ಪರೀಕ್ಷೆಯಿಂದ ವಿನಾಯಿತಿ ಇತ್ತು. ಅವರು ಈ 860ರಲ್ಲಿ ಇಲ್ಲ. ಹದಿಮೂರನೇ ಶತಮಾನದ ಇಬ್ನುಲ್ ಕಿಫ್ತಿ ಮತ್ತು ಇಬ್ನ್ ಅಬೀ ಉಸೈಬಿಯಾ ಎಂಬ ಚರಿತ್ರಕಾರರು ಈ ಸಂಗತಿಯನ್ನು ದಾಖಲಿಸಿದ್ದಾರೆ.

ಇದೇ ಪರೀಕ್ಷೆಯ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಒಳ್ಳೆಯ ಉಡುಪು ಧರಿಸಿದ, ಗಂಭೀರ ಮುಖದ ಒಬ್ಬ ವೃದ್ಧ ಸಿನಾನನ ಬಳಿಗೆ ಬಂದ. ಯಾರೋ ದೊಡ್ಡ ವಿದ್ವಾಂಸನೆಂದು ತಿಳಿದು ಸಿನಾನ್ ಗೌರವದಿಂದ ಕೂರಿಸಿದ. ಜನರೆಲ್ಲ ಹೋದ ಮೇಲೆ ಆ ವೃದ್ಧ ಕಾಗದದಲ್ಲಿ ಸುತ್ತಿದ ದೀನಾರುಗಳನ್ನು ಮುಂದಿಟ್ಟು, ತನಗೆ ಸರಿಯಾಗಿ ಓದು ಬರಹ ಬಾರದೆಂದೂ ಹೆಂಡತಿ ಮಕ್ಕಳ ಹೊಟ್ಟೆಪಾಡು ಇದರಿಂದಲೇ ನಡೆಯುವುದೆಂದೂ ಇದನ್ನು ಕಿತ್ತುಕೊಳ್ಳಬಾರದೆಂದೂ ಬೇಡಿಕೊಂಡ. ಸಿನಾನ್ ನಕ್ಕುಬಿಟ್ಟ. ತಿಳಿಯದ ರೋಗಕ್ಕೆ ಕೈಹಾಕಬಾರದು, ರಕ್ತ ತೆಗೆಯುವುದಾಗಲಿ ಭೇದಿ ಔಷಧ ಕೊಡುವುದಾಗಲಿ ಸಣ್ಣಪುಟ್ಟ ಕಾಯಿಲೆಗಳ ಹೊರತು ಮಾಡಬಾರದು ಎಂಬ ಷರತ್ತಿನ ಮೇಲೆ ಒಪ್ಪಿಕೊಂಡ. ತಾನು ಜನ್ಮದಲ್ಲಿ ಸಿಕಂಜಬೀನ್ ಮತ್ತು ಗುಲಾಬಿ ಶರಬತ್ತನ್ನು ದಾಟಿ ಹೋದವನಲ್ಲ ಎಂದ ವೃದ್ಧ. ಮರುದಿನ ಚೆಲುವಾದ ಯುವಕನೊಬ್ಬ ಬಂದ. ಯಾರ ಬಳಿ ಕಲಿತೆ ಎಂದು ಕೇಳಿದರೆ ತಂದೆಯ ಬಳಿ ಎಂದ. ತಂದೆ ಯಾರೆಂದರೆ ನಿನ್ನೆ ಬಂದಿದ್ದ ಆ ಹಿರಿಯರೇ! ಅವರ ದಾರಿಯನ್ನು ಬಿಟ್ಟು ಆಚೆ ಹೋಗಬೇಡ ಎಂದು ಹೇಳಿ ಸಿನಾನ್ ಅವನನ್ನೂ ಕಳುಹಿಸಿಕೊಟ್ಟ. ಹೀಗೆ ಓದು ಬಾರದ ತಂದೆಯೂ ಅವನ ಮಗನೂ ವೈದ್ಯರೆನಿಸಿಕೊಂಡು ಉಳಿದರು. ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ಬಗ್ದಾದಿನ ದಾಯಿಯರನ್ನು ಮಾತ್ರ ಈ ಪರೀಕ್ಷೆಗೆ ಯಾರೂ ಕರೆಯಲಿಲ್ಲ.

ಸಿನಾನನ ಕಾಲದ ಇನ್ನೊಂದು ಕೆಲಸವನ್ನೂ ಹೇಳಬೇಕು. ವಜೀರ ಅಲಿ ಇಬ್ನ್ ಈಸಾ ಒಂದು ವರ್ಷ ರೋಗಗಳು ಹೆಚ್ಚಾದಾಗ, ಸೆರೆಮನೆಗಳಿಗೆ ಪ್ರತಿದಿನ ವೈದ್ಯರು ಹೋಗಬೇಕೆಂದೂ ವೈದ್ಯರಿಲ್ಲದ ಸವಾದ್ ಪ್ರಾಂತ್ಯದ ಹಳ್ಳಿಗಳಿಗೆ ಔಷಧದ ಪೆಟ್ಟಿಗೆಯೊಡನೆ ತಂಡಗಳು ಸಂಚರಿಸಬೇಕೆಂದೂ ಸಿನಾನನಿಗೆ ಬರೆದ. ಪಟ್ಟಣದಲ್ಲಿ 860 ಜನರಿದ್ದರೂ ಹಳ್ಳಿಯಲ್ಲಿ ಒಬ್ಬನೂ ಇಲ್ಲ ಎಂಬುದು ಆಗಲೇ ಆಡಳಿತಕ್ಕೆ ಗೊತ್ತಿತ್ತು.

ಇಲ್ಲಿಂದ ಒಂಬತ್ತು ಶತಮಾನ ದಾಟಿ ಇಂಗ್ಲೆಂಡಿಗೆ ಬರೋಣ. ಉರ್ದುವಿನಲ್ಲಿ ಜನಗಣತಿಗೆ 'ಮರ್ದುಂ ಶುಮಾರಿ' ಎನ್ನುತ್ತೇವೆ. ಶುಮಾರ್ ಎಂದರೆ ಎಣಿಕೆ. ಫಾರ್ಸಿಯ ಈ ಪದವೇ ಕನ್ನಡಕ್ಕೆ ಬಂದು 'ಸುಮಾರು' ಆಗಿದೆ. ಅಲ್ಲಿ ಖಚಿತ ಲೆಕ್ಕ, ಇಲ್ಲಿ ಅಂದಾಜು! ಈ ಲೇಖನದುದ್ದಕ್ಕೂ ಓದುಗರು ಈ ಎರಡು ಅರ್ಥಗಳನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. 1851ರಲ್ಲಿ ಬ್ರಿಟನ್ನಿನಲ್ಲಿ ನಡೆದ ಜನಗಣತಿಯಲ್ಲಿ ಪ್ರತಿಯೊಬ್ಬರ ಕಸುಬನ್ನೂ ಕೇಳಿ ಬರೆದುಕೊಳ್ಳಲಾಯಿತು. ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ನಾವು ದೀಪ ಹಿಡಿದ ಮಹಿಳೆ ಎಂದಷ್ಟೇ ಪಾಠ ಮಾಡುತ್ತೇವೆ. ಆಕೆ ಅಂಕಿಸಂಖ್ಯೆಗಳಲ್ಲಿ ನಿಪುಣೆಯಾಗಿದ್ದರು. ದಾದಿಯರ ಕೆಲಸದ ಬಗ್ಗೆ ಬರೆದ ತಮ್ಮ ಪ್ರಸಿದ್ಧ ಪುಸ್ತಕದ ಕೊನೆಯಲ್ಲಿ ಆ ಜನಗಣತಿಯ ಲೆಕ್ಕವನ್ನು ಅವರು ಸೇರಿಸಿದ್ದಾರೆ. ಕಸುಬಿನಿಂದ ದಾದಿಯರಾದವರು 25,466. ಮನೆಗೆಲಸದಲ್ಲಿರುವ ದಾದಿಯರು 39,139. ಸೂಲಗಿತ್ತಿಯರು 2,822.

ಒಟ್ಟಿಗೆ ಕೂಡಿಸಿದರೆ 67 ಸಾವಿರ ದಾಟುತ್ತದೆ. ಎಷ್ಟು ದೊಡ್ಡ ಪಡೆ ಎನಿಸುತ್ತದೆ. ಆದರೆ ನೈಟಿಂಗೇಲ್ ವಯಸ್ಸಿನ ಪಟ್ಟಿಯನ್ನು ಬಿಡಿಸಿ ನೋಡಿದರು. ಮನೆಗೆಲಸದ 39,139 'ದಾದಿ'ಯರಲ್ಲಿ 18,122 ಮಂದಿ 5ರಿಂದ 20 ವರ್ಷದೊಳಗಿನವರು! ಇವರು ಶ್ರೀಮಂತರ ಮನೆಯಲ್ಲಿ ಮಗು ಎತ್ತಿಕೊಳ್ಳುವ ಹುಡುಗಿಯರು. ಇಂಗ್ಲಿಷಿನಲ್ಲಿ ರೋಗಿಯನ್ನು ನೋಡಿಕೊಳ್ಳುವವಳಿಗೂ ಮಗುವನ್ನು ಆಡಿಸುವವಳಿಗೂ 'ನರ್ಸ್' ಎಂಬ ಒಂದೇ ಪದ ಇದ್ದುದರಿಂದ ಈ ಗೊಂದಲ. ನಮ್ಮ ಕಡೆಯ 'ಆಯಾ'ಗಳನ್ನೂ ಆಸ್ಪತ್ರೆಯ ಸಿಸ್ಟರುಗಳನ್ನೂ ಒಂದೇ ಖಾನೆಯಲ್ಲಿ ಬರೆದ ಹಾಗೆ. ಅಂಕಿಯನ್ನು ಹಾಗೇ ನಂಬಿದ್ದರೆ ದೇಶದಲ್ಲಿ ದಾದಿಯರಿಗೆ ಕೊರತೆಯೇ ಇಲ್ಲವೆಂದು ಯಾರಾದರೂ ವಾದಿಸಬಹುದಿತ್ತು. ದಾದಿ ಎನ್ನಿಸಿಕೊಳ್ಳಲು ಏನು ಕಲಿತಿರಬೇಕು ಎಂಬುದು ಗೊತ್ತಾಗದೆ ಆ ಖಾನೆಗೆ ಅರ್ಥ ಬರುವಂತಿರಲಿಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ವೈದ್ಯರ ಮಟ್ಟಿಗೆ ಬ್ರಿಟನ್ ಅದಕ್ಕೆ ಎರಡು ವರ್ಷ ಮೊದಲೇ, 1858ರ ಕಾನೂನಿನ ಮೂಲಕ ಒಂದು ರಿಜಿಸ್ಟರನ್ನು ತೆರೆದಿತ್ತು. ಅದರಲ್ಲಿ ಹೆಸರಿದ್ದವನು ನೋಂದಾಯಿತ ವೈದ್ಯ.

ರಿಜಿಸ್ಟರು ನಮ್ಮ ದೇಶಕ್ಕೆ ಬಂದಾಗ ಏನಾಯಿತು? 1912ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವೈದ್ಯರ ನೋಂದಣಿ ಕಾನೂನು ಜಾರಿಯಾಯಿತು. ಪಾಶ್ಚಾತ್ಯ ವೈದ್ಯ ಓದಿದವರಿಗೆ ಮಾತ್ರ ಅದರಲ್ಲಿ ಜಾಗ. ಹಕೀಮರೂ ವೈದ್ಯರೂ ಹೊರಗೆ. ಊರ ತುಂಬ ಜನ ಯಾರ ಬಳಿ ಹೋಗುತ್ತಿದ್ದರೋ ಅವರೇ ಸರಕಾರದ ಲೆಕ್ಕದಲ್ಲಿ ಇಲ್ಲ. ಈ ಅಪಾಯವನ್ನು ಮೊದಲೇ ಕಂಡಿದ್ದವರು ದೆಹಲಿಯ ಹಕೀಮ್ ಅಜ್ಮಲ್ ಖಾನರು. ಯುನಾನಿ ಹಕೀಮರನ್ನೂ ಆಯುರ್ವೇದದ ವೈದ್ಯರನ್ನೂ ಒಂದೇ ವೇದಿಕೆಗೆ ತಂದು 1910ರಲ್ಲೇ ಅವರು ಅಖಿಲ ಭಾರತ ಸಮ್ಮೇಳನ ಕಟ್ಟಿದ್ದರು. ಬೇಡಿಕೆ ಸಲ್ಲಿಸಿ ಸುಮ್ಮನೆ ಕೂರಲಿಲ್ಲ. ಪದವಿಯಿಲ್ಲದೆ ರಿಜಿಸ್ಟರಿನಲ್ಲಿ ಜಾಗವಿಲ್ಲವೆಂದಾದರೆ ಪದವಿ ಕೊಡುವ ಕಾಲೇಜನ್ನೇ ಕಟ್ಟಬೇಕೆಂದರು. ದೆಹಲಿಯ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು 1921ರ ಫೆಬ್ರವರಿ 13ರಂದು ಗಾಂಧೀಜಿಯವರು ಉದ್ಘಾಟಿಸಿದರು. ಎರಡು ಪದ್ಧತಿಗಳ ವಿದ್ಯಾರ್ಥಿಗಳು ಒಂದೇ ಆವರಣದಲ್ಲಿ ಓದಿದ ಆ ಕಾಲೇಜಿನ ಬಗ್ಗೆ ಬೇರೆಯೇ ಲೇಖನ ಬರೆಯಬಹುದು.

ಆದರೂ ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಡೆದ ದೊಡ್ಡ ಲೆಕ್ಕದಲ್ಲಿ ಹಕೀಮರು ಮತ್ತೆ ಹೊರಗುಳಿದರು. ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟಿತು. ಬ್ರಿಟಿಷ್ ಇಂಡಿಯಾದ ಸುಮಾರು 30 ಕೋಟಿ ಜನಕ್ಕೆ ಇದ್ದ ಆರೋಗ್ಯ ಸಿಬ್ಬಂದಿಯನ್ನು ಬ್ರಿಟನ್ನಿನ ಪಕ್ಕದಲ್ಲಿ ಇಟ್ಟು ತೋರಿಸಿದ ಮೊದಲ ದೊಡ್ಡ ವರದಿ ಇದೆನ್ನಬಹುದು. ಇಲ್ಲಿ 6,300 ಜನರಿಗೆ ಒಬ್ಬ ವೈದ್ಯ, ಅಲ್ಲಿ 1,000ಕ್ಕೆ ಒಬ್ಬ. ಇಲ್ಲಿ 43,000 ಜನರಿಗೆ ಒಬ್ಬಳು ದಾದಿ, ಅಲ್ಲಿ 300ಕ್ಕೆ ಒಬ್ಬಳು. ಸೂಲಗಿತ್ತಿ ಇಲ್ಲಿ 60,000ಕ್ಕೆ ಒಬ್ಬಳು, ಅಲ್ಲಿ 618ಕ್ಕೆ. ಮನೆಮನೆಗೆ ಹೋಗಿ ತಾಯಿ ಮಕ್ಕಳ ಆರೋಗ್ಯ ನೋಡುವ ಹೆಲ್ತ್ ವಿಸಿಟರ್ ಇಲ್ಲಿ ನಾಲ್ಕು ಲಕ್ಷ ಜನರಿಗೆ ಒಬ್ಬಳಾದರೆ ಅಲ್ಲಿ 4,770ಕ್ಕೆ ಒಬ್ಬಳು.

ಈ ಅಂಕಿಗಳನ್ನು ಓದಿದಾಗ ಎದೆ ಧಸಕ್ಕೆನ್ನುತ್ತದೆ. ಎದೆ ನಡುಗಿಸುವುದೇ ಸಮಿತಿಯ ಉದ್ದೇಶವೂ ಆಗಿತ್ತು. ಆದರೆ ಇನ್ನೊಂದು ಬಗೆಯಲ್ಲಿ ನೋಡಿ. ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಸಮಿತಿಗೆ ಸಿಕ್ಕಿದ್ದು ಕೇವಲ 5,000 ಸೂಲಗಿತ್ತಿಯರು. ವರ್ಷಕ್ಕೆ ಅಷ್ಟು ಹೆರಿಗೆಗಳನ್ನು ಈ 5,000 ಮಂದಿಯೇ ಮಾಡಿಸಿದರೆ? ಇಲ್ಲ. ನಮ್ಮ ಅಜ್ಜಿ, ಮುತ್ತಜ್ಜಿಯರ ಕೈಯಲ್ಲಿ, ಊರೂರಿನ ದಾಯಿಯರ ಕೈಯಲ್ಲಿ ಮಕ್ಕಳು ಹುಟ್ಟಿದವು. ತರಬೇತಿ ಪಡೆದು ನೋಂದಾಯಿಸಿಕೊಂಡವರನ್ನು ಮಾತ್ರ ಸಮಿತಿ ಎಣಿಸಿತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಬಾಣಂತಿಯರೂ ಶಿಶುಗಳೂ ಅಷ್ಟೊಂದು ಸಾಯುತ್ತಿದ್ದ ಕಾಲದಲ್ಲಿ ತರಬೇತಿಯನ್ನೇ ಅಳತೆಗೋಲು ಮಾಡಿದ್ದು ಸರಿ. ಸಮಿತಿಯೇ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂದು ಸೂಚಿಸಿದಾಗ ಅದರ ಸಿಬ್ಬಂದಿಯಲ್ಲಿ ನಾಲ್ವರು ತರಬೇತಿ ಪಡೆದ ದಾಯಿಯರನ್ನೂ ಸೇರಿಸಿತ್ತು. ಆದರೆ ಮೆಡಿಕಲ್ ಶಾಲೆಗಳಲ್ಲಿ ಕಡಿಮೆ ಅವಧಿಯ ಕೋರ್ಸು ಓದಿದ ಲೈಸೆನ್ಶಿಯೇಟ್ ವೈದ್ಯರು ಆಗ ಸುಮಾರು 30 ಸಾವಿರ ಇದ್ದರು. ದೇಶದ ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ. ಆ ಕೋರ್ಸನ್ನು ನಿಲ್ಲಿಸಿ ಒಂದೇ ಬಗೆಯ ಪದವೀಧರ ವೈದ್ಯರಿರಲಿ ಎಂದು ಸಮಿತಿಯ ಬಹುಮತ ತೀರ್ಮಾನಿಸಿತು. ಅದರಲ್ಲೇ ಆರು ಸದಸ್ಯರು ಭಿನ್ನಮತ ಬರೆದರು. ಹಳ್ಳಿಗೆ ಹೋಗುವವರು ಯಾರು ಎಂಬ ಅವರ ಚಿಂತೆ ಹುಸಿಯಾಗಲಿಲ್ಲ.

ನೆರೆಯ ಚೀನಾ ತದ್ವಿರುದ್ಧ ದಾರಿ ಹಿಡಿಯಿತು. 1968ರ ನಂತರ ಹಳ್ಳಿಯ ರೈತ ಯುವಕ ಯುವತಿಯರಿಗೆ ಕೆಲವು ತಿಂಗಳ ತರಬೇತಿ ಕೊಟ್ಟು 'ಬರಿಗಾಲ ವೈದ್ಯ'ರೆಂದು ಕರೆಯಿತು. ಎಪ್ಪತ್ತರ ದಶಕದ ನಡುವೆ ಅವರ ಸಂಖ್ಯೆ 15 ಲಕ್ಷ ದಾಟಿತ್ತು. 1985ರಲ್ಲಿ ಆ ಹೆಸರನ್ನೇ ಸರಕಾರ ರದ್ದು ಮಾಡಿತು. ಪರೀಕ್ಷೆ ಪಾಸಾದವರು 'ಹಳ್ಳಿ ವೈದ್ಯ'ರಾದರು, ಉಳಿದವರು ಕೆಳಗಿನ ದರ್ಜೆಗೆ ಇಳಿದರು ಅಥವಾ ಹೊಲಕ್ಕೆ ಮರಳಿದರು. ಹೆಸರೊಂದು ಬದಲಾಗಿ ಲಕ್ಷಗಟ್ಟಲೆ 'ವೈದ್ಯ'ರು ಕಾಗದದಿಂದ ಮಾಯವಾದ ಉದಾಹರಣೆ ಇದು.

ಇಂಥ ಹೆಸರುಗಳ ಗೊಂದಲ ಬಗೆಹರಿಯದೆ ಒಂದು ದೇಶವನ್ನು ಇನ್ನೊಂದಕ್ಕೆ ಹೋಲಿಸುವುದು ಸಾಧ್ಯವಿರಲಿಲ್ಲ. ವಿಚಿತ್ರವೆಂದರೆ, ಜನ ಏತಕ್ಕೆ ಸಾಯುತ್ತಾರೆ ಎಂಬುದಕ್ಕೆ ಜಗತ್ತು ಒಂದು ಸಾಮಾನ್ಯ ಪಟ್ಟಿಯನ್ನು ಬೇಗ ಮಾಡಿಕೊಂಡಿತು. ಫ್ರಾನ್ಸಿನ ಜಾಕ್ ಬೆರ್ತಿಯೋಂ ಸಾವಿನ ಕಾರಣಗಳ ಪಟ್ಟಿಯನ್ನು ಮಂಡಿಸಿದ್ದು 1893ರಲ್ಲಿ. ಜನ ಏನು ಕೆಲಸ ಮಾಡುತ್ತಾರೆ ಎಂಬುದರ ವರ್ಗೀಕರಣವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಪ್ರಕಟಿಸಿದ್ದು 1958ರಲ್ಲಿ. ನಂತರ 1968, 1988, 2008ರಲ್ಲಿ ಅದು ಪರಿಷ್ಕರಣೆಯಾಯಿತು. ಪ್ರತಿ ಕಸುಬಿಗೂ ಒಂದು ಸಂಕೇತ ಸಂಖ್ಯೆ. ನೀರಸ ಪುಸ್ತಕವೆಂದು ಮುಚ್ಚಿಡಬೇಡಿ, ಅದರಲ್ಲಿ ಸ್ವಾರಸ್ಯವಿದೆ. 1988ರ ಪಟ್ಟಿಯಲ್ಲಿ ಪಾರಂಪರಿಕ ವೈದ್ಯರನ್ನು, ನಂಬಿಕೆಯ ಬಲದಿಂದ ಗುಣಪಡಿಸುವವರನ್ನು ಒಂದೇ ಗುಂಪಿನಲ್ಲಿ, ಎರಡನೇ ದರ್ಜೆಯಲ್ಲಿ ಇರಿಸಲಾಗಿತ್ತು. ತಾಯಿತ ಕಟ್ಟುವವನೂ ನಾಡಿ ನೋಡುವ ಹಕೀಮನೂ ಅಕ್ಕಪಕ್ಕ! 2008ರ ಪಟ್ಟಿ ಇದನ್ನು ಬೇರ್ಪಡಿಸಿ, ಕ್ರಮಬದ್ಧವಾಗಿ ಓದಿದ ಪಾರಂಪರಿಕ ವೈದ್ಯರನ್ನು ವೃತ್ತಿಪರರ ದರ್ಜೆಗೆ ಏರಿಸಿತು. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಓದಿ ಬರುವ ನಮ್ಮ ಮಕ್ಕಳಿಗೆ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಸಿಗುವ ಸ್ಥಾನ ಅದು. ಹಕೀಮ್ ಅಜ್ಮಲ್ ಖಾನರು ಹೋರಾಟ ಆರಂಭಿಸಿ ಆಗ ಸುಮಾರು ನೂರು ವರ್ಷ ಆಗಿತ್ತು.

ಇಡೀ ಜಗತ್ತಿನ ಲೆಕ್ಕಕ್ಕೆ ಕೈಹಾಕಿದ್ದು ಈ ಶತಮಾನದ ಆರಂಭದಲ್ಲಿ. ಆಫ್ರಿಕಾದಲ್ಲಿ ಏಡ್ಸ್ ಔಷಧಕ್ಕೆ ಹಣ ಬಂದರೂ ಅದನ್ನು ಹಂಚುವ ಕೈಗಳಿಲ್ಲ ಎಂಬುದು ಗೊತ್ತಾದಾಗ ಎಲ್ಲರಿಗೂ ಎಚ್ಚರವಾಯಿತು. 2004ರಲ್ಲಿ ವಿವಿಧ ದೇಶಗಳ ತಜ್ಞರ ತಂಡವೊಂದು ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಆರೋಗ್ಯ ಕಾರ್ಯಕರ್ತರಿದ್ದಾರೆ ಎಂದಿತು. ಇವರಲ್ಲಿ ಮಾಮೂಲಿಯಾಗಿ ಎಣಿಕೆಯಾಗುವ ವೈದ್ಯರು, ದಾದಿಯರು, ಸೂಲಗಿತ್ತಿಯರು 2 ಕೋಟಿ 40 ಲಕ್ಷ ಮಾತ್ರ. ಉಳಿದ ಮುಕ್ಕಾಲು ಪಾಲು ಲೆಕ್ಕಕ್ಕೇ ಸಿಗದ ಪಾರಂಪರಿಕರು, ಊರ ಕಾರ್ಯಕರ್ತರು, ಸಹಾಯಕರು. ಎರಡೇ ವರ್ಷದ ಬಳಿಕ, 2006ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತನ್ನ ವಾರ್ಷಿಕ ವರದಿಯನ್ನು ಇದೇ ವಿಷಯಕ್ಕೆ ಮೀಸಲಿಟ್ಟಿತು. ಅದರ ಲೆಕ್ಕ 5 ಕೋಟಿ 92 ಲಕ್ಷ. ಎರಡು ವರ್ಷದಲ್ಲಿ ನಾಲ್ಕು ಕೋಟಿ ಜನ ಎಲ್ಲಿಗೆ ಹೋದರು? ಎಲ್ಲಿಗೂ ಹೋಗಲಿಲ್ಲ. ಸಂಬಳ ಪಡೆದು ಪೂರ್ಣಾವಧಿ ದುಡಿಯುವವರನ್ನು ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಎಣಿಸಿತ್ತು. ಅದೇ ವೇಳೆಗೆ ಆಸ್ಪತ್ರೆಯ ಗುಮಾಸ್ತರು, ವಾಹನ ಚಾಲಕರು, ಆಡಳಿತಗಾರರಂಥ ಮೂರನೇ ಒಂದು ಪಾಲು ಜನ ಒಳಗೆ ಬಂದಿದ್ದರು. ಸಂಬಳವಿಲ್ಲದೆ ಹೆರಿಗೆ ಮಾಡಿಸುವವಳು ಹೊರಗೆ, ಸಂಬಳ ಪಡೆದು ಕಡತ ಬರೆಯುವವನು ಒಳಗೆ.

ಆ ವರದಿಯ ಉಪಕಾರವನ್ನು ಮರೆಯಬಾರದು. ಜಗತ್ತಿನ ರೋಗಭಾರದಲ್ಲಿ ಶೇಕಡಾ 24 ಹೊತ್ತಿರುವ ಆಫ್ರಿಕಾ ಪ್ರದೇಶಕ್ಕೆ ಇರುವುದು ಶೇಕಡಾ 3 ಕಾರ್ಯಕರ್ತರು, ಶೇಕಡಾ 10 ರೋಗಭಾರದ ಅಮೆರಿಕಾ ಖಂಡಗಳಿಗೆ ಶೇಕಡಾ 37 ಎಂದು ಅದು ಎಲ್ಲರ ಮುಖಕ್ಕೆ ಹಿಡಿದು ತೋರಿಸಿತು. ಸಾವಿರ ಜನರಿಗೆ 2.28 ವೈದ್ಯರು, ದಾದಿಯರು, ಸೂಲಗಿತ್ತಿಯರು ಇಲ್ಲದಿದ್ದರೆ ಹೆಚ್ಚಿನ ಹೆರಿಗೆಗಳಿಗೆ ನುರಿತವರ ನೆರವು ಸಿಗದೆಂದು ಲೆಕ್ಕ ಹಾಕಿ, ಆ ಗೆರೆಗಿಂತ ಕೆಳಗಿರುವ 57 ದೇಶಗಳನ್ನು ತೀವ್ರ ಕೊರತೆಯ ದೇಶಗಳೆಂದು ಪಟ್ಟಿ ಮಾಡಿತು. ಭಾರತವೂ ಅದರಲ್ಲಿತ್ತು. 2016ರಲ್ಲಿ ಸುಸ್ಥಿರ ಅಭಿವೃದ್ಧಿ ಗುರಿಗಳಿಗಾಗಿ ಆ ಗೆರೆಯನ್ನು 4.45ಕ್ಕೆ ಏರಿಸಿದರು. ಕೊರತೆಯೂ ಏರಿತು. 2030ಕ್ಕೆ ಒಂದು ಕೋಟಿ 80 ಲಕ್ಷ ಕಾರ್ಯಕರ್ತರು ಕಡಿಮೆ ಬೀಳುತ್ತಾರೆ ಎಂದರು. 2022ರ ಲೆಕ್ಕದಲ್ಲಿ ಅದು ಒಂದು ಕೋಟಿಗೆ ಇಳಿಯಿತು.

ನಮ್ಮ ದೇಶದ ಒಳಗಿನ ಲೆಕ್ಕವನ್ನು ಬಿಡಿಸಿ ನೋಡಿದವರು ಸುಧೀರ್ ಆನಂದ್ ಮತ್ತು ವಿಕ್ಟೋರಿಯಾ ಫ್ಯಾನ್. ಇವರು 2001ರ ಜನಗಣತಿಯಲ್ಲಿ ಜನ ತಾವೇ ಹೇಳಿಕೊಂಡ ಕಸುಬನ್ನೂ ಅವರ ವಿದ್ಯಾರ್ಹತೆಯನ್ನೂ ಪಕ್ಕಪಕ್ಕ ಇಟ್ಟರು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪ್ರಕಟಿಸಿತು. ಅಲೋಪತಿ ವೈದ್ಯರೆಂದು ಹೇಳಿಕೊಂಡವರಲ್ಲಿ ಶೇಕಡಾ 57.3 ಮಂದಿಗೆ ವೈದ್ಯಕೀಯ ಅರ್ಹತೆಯೇ ಇರಲಿಲ್ಲ. ಹಳ್ಳಿಗಳಲ್ಲಿ ಅರ್ಹತೆ ಇದ್ದವರು ಶೇಕಡಾ 18.8 ಮಾತ್ರ. ದೇಶದ ಜನಸಂಖ್ಯೆಯ ಶೇಕಡಾ 3ರಷ್ಟಿರುವ ಕೇರಳದಲ್ಲಿ ದೇಶದ ಅರ್ಹ ದಾದಿಯರ ಶೇಕಡಾ 38ಕ್ಕೂ ಹೆಚ್ಚು ಮಂದಿ ಇದ್ದರು. ಸಿನಾನನ ಮುಂದೆ ಕೂತಿದ್ದ ಶರಬತ್ತಿನ ವೃದ್ಧ ಸಾವಿರ ವರ್ಷದ ಮೇಲೆ ನಮ್ಮ ಜನಗಣತಿಯಲ್ಲಿ ಲಕ್ಷಗಟ್ಟಲೆಯಾಗಿ ಕಾಣಿಸಿಕೊಂಡ ಹಾಗಿತ್ತು. ಅವನು ಕಡೇಪಕ್ಷ ಶರಬತ್ತು ಮಾತ್ರ ಕೊಡುತ್ತಿದ್ದ, ಇವರು ಇಂಜೆಕ್ಷನ್ ಕೊಡುತ್ತಾರೆ. 2019ರಲ್ಲಿ ವೈದ್ಯಕೀಯ ಆಯೋಗದ ಹೊಸ ಕಾನೂನನ್ನು ಸಮರ್ಥಿಸಿಕೊಳ್ಳಲು ಕೇಂದ್ರ ಸರಕಾರವೂ ಈ 57.3ರ ಅಂಕಿಯನ್ನು ಬಳಸಿತು.

ಇನ್ನು ಪರೀಕ್ಷೆಗಳಲ್ಲಿ ಕೇಳುವ 834 ಜನರಿಗೆ ಒಬ್ಬ ವೈದ್ಯ ಎಂಬ ಅಂಕಿಯನ್ನು ವಿದ್ಯಾರ್ಥಿಗಳು ಒಮ್ಮೆ ತಾವೇ ಬಿಡಿಸಿ ನೋಡಲಿ. 2022ರ ಜೂನ್‌ನಲ್ಲಿ ದೇಶದಲ್ಲಿ ನೋಂದಾಯಿತ ಅಲೋಪತಿ ವೈದ್ಯರು 13,08,009. ಇವರಲ್ಲಿ ಶೇಕಡಾ 80 ಮಂದಿ ಕೆಲಸಕ್ಕೆ ಸಿಗುತ್ತಾರೆಂದು ಸರಕಾರ ಊಹಿಸಿತು. ಊಹೆ ಏಕೆಂದರೆ ರಿಜಿಸ್ಟರಿಗೆ ಹೆಸರು ಸೇರುವುದು ಸುಲಭ, ಹೊರಬೀಳುವುದು ಕಷ್ಟ. ತೀರಿಹೋದವರ, ವೃತ್ತಿ ಬಿಟ್ಟವರ, ವಿದೇಶದಲ್ಲಿ ನೆಲೆಸಿದವರ ಹೆಸರುಗಳು ಅದರಲ್ಲಿ ಉಳಿದುಬಿಡುತ್ತವೆ. ಜಿದ್ದಾದಲ್ಲೋ ದುಬೈಯಲ್ಲೋ ದುಡಿಯುವ ನಮ್ಮ ಕರಾವಳಿಯ ವೈದ್ಯ ಅಥವಾ ದಾದಿ ಇಲ್ಲಿಯ ರಿಜಿಸ್ಟರಿನಲ್ಲೂ ಇರಬಹುದು, ಅಲ್ಲಿಯ ಲೆಕ್ಕದಲ್ಲೂ ಇರಬಹುದು. ಆ ಶೇಕಡಾ 80ಕ್ಕೆ 5.65 ಲಕ್ಷ ಆಯುಷ್ ವೈದ್ಯರನ್ನು ಸೇರಿಸಿದಾಗ ಬರುವುದು 834. ಆಯುಷ್ ವೈದ್ಯರನ್ನು ಬಿಟ್ಟು ಅದೇ ಲೆಕ್ಕ ಮಾಡಿದರೆ ಸುಮಾರು 1,280 ಜನರಿಗೆ ಒಬ್ಬರಾಗುತ್ತಾರೆ. 1946ರಲ್ಲಿ ಹಕೀಮರನ್ನು ಹೊರಗಿಟ್ಟು ಎಣಿಸಿದ್ದ ದೇಶ 2022ರಲ್ಲಿ ಅವರನ್ನು ಒಳಗಿಟ್ಟು ಎಣಿಸಿತು. ಹೀಗಿರುವಾಗ 6,300 ಮತ್ತು 834 ಎಂಬ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಿ ಪ್ರಗತಿಯ ಭಾಷಣ ಮಾಡುವುದು ಸರಿಯಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ರೋಗಿಯನ್ನು ನೋಡುವವರ ಮಾತು. ರೋಗ ಬಾರದಂತೆ ನೋಡಿಕೊಳ್ಳುವವರು, ಅಂದರೆ ನೀರು ಪರೀಕ್ಷಿಸುವವರು, ಲಸಿಕೆ ಹಾಕುವವರು, ಸೊಳ್ಳೆಯ ಜಾಡು ಹಿಡಿಯುವವರು, ಸಾವು ನೋವುಗಳ ಅಂಕಿ ಬರೆಯುವವರು, ಇವರ ಲೆಕ್ಕ ಇನ್ನೂ ಕಠಿಣ. ಸಾರ್ವಜನಿಕ ಆರೋಗ್ಯ ಸಿಬ್ಬಂದಿ ಎಂದರೆ ನಿಜವಾಗಿ ಇವರೇ. ಶ್ರೀಮಂತ ಅಮೆರಿಕಾಕ್ಕೂ ಇದು ಸಲೀಸಾಗಿ ಬಗೆಹರಿಯಲಿಲ್ಲ. 2000ದಲ್ಲಿ ಅಲ್ಲಿ ನಡೆದ ಗಣತಿಯಲ್ಲಿ 4,48,254 ಮಂದಿ ಸಿಕ್ಕಿದರು. 1980ರಲ್ಲಿ ಲಕ್ಷ ಜನರಿಗೆ ಸುಮಾರು 220 ಇದ್ದವರು 158ಕ್ಕೆ ಇಳಿದಿದ್ದರು. 2014ರಲ್ಲಿ ಮತ್ತೆ ಎಣಿಸಿದಾಗ ಸಿಕ್ಕಿದ್ದು 2,90,988. ಒಂದೂವರೆ ಲಕ್ಷ ಹುದ್ದೆಗಳು ಕರಗಿದವು ಎಂದು ಹೇಳುವ ಹಾಗೂ ಇಲ್ಲ, ಏಕೆಂದರೆ ಎರಡು ಗಣತಿಗಳ ವ್ಯಾಖ್ಯೆಯೇ ಬೇರೆ. ನಮ್ಮಲ್ಲಿ ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರು ಒಂದು ವಾರ ಕೆಲಸ ನಿಲ್ಲಿಸಿದರೆ ಊರಿನ ಆರೋಗ್ಯ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅವರು ಆರೋಗ್ಯದ ಗುಂಪಿನಲ್ಲಿಲ್ಲ, ಕಟ್ಟಕಡೆಯ ಸಾಮಾನ್ಯ ಕೂಲಿ ಕೆಲಸಗಳ ಗುಂಪಿನಲ್ಲಿದ್ದಾರೆ.

ಎಣಿಸದೆ ಬಿಟ್ಟದ್ದರ ಬೆಲೆ ಕೋವಿಡ್ ಕಾಲದಲ್ಲಿ ತಿಳಿಯಿತು. ಜಗತ್ತಿನಲ್ಲಿ ಎಷ್ಟು ಆರೋಗ್ಯ ಕಾರ್ಯಕರ್ತರು ಸತ್ತರು ಎಂಬ ಪ್ರಶ್ನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಬಳಿ ಖಚಿತ ಉತ್ತರವಿರಲಿಲ್ಲ. 2020ರ ಜನವರಿಯಿಂದ 2021ರ ಮೇವರೆಗೆ 80 ಸಾವಿರದಿಂದ 1 ಲಕ್ಷ 80 ಸಾವಿರದವರೆಗೆ, ನಡುವಣ ಅಂದಾಜು 1,15,500 ಎಂದು ಅದು ಹೇಳಿತು. ದೇಶಗಳಿಂದ ಅದಕ್ಕೆ ವರದಿಯಾಗಿದ್ದ ಸಾವುಗಳು ಏಳು ಸಾವಿರವನ್ನೂ ಮುಟ್ಟಿರಲಿಲ್ಲ. ಬದುಕಿದ್ದಾಗ ಯಾವ ಪಟ್ಟಿಯಲ್ಲೂ ಇಲ್ಲದವರನ್ನು ಸತ್ತ ಮೇಲೆ ಯಾವ ಪಟ್ಟಿಯಿಂದ ತೆಗೆಯುವುದು? ಅವರ ಮನೆಯವರು ಪರಿಹಾರ ಕೇಳಲು ಯಾವ ಕಾಗದ ತೋರಿಸಬೇಕು? 2022ರಲ್ಲಿ ಆ ಸಂಸ್ಥೆ ಸಾರ್ವಜನಿಕ ಆರೋಗ್ಯ ಸಿಬ್ಬಂದಿಯನ್ನು ಎಲ್ಲ ದೇಶಗಳೂ ಒಂದೇ ರೀತಿ ಗುರುತಿಸಿ ಎಣಿಸಲು ಒಂದು ಕಾರ್ಯಸೂಚಿ ಪ್ರಕಟಿಸಿತು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹಣ ಪಡೆಯದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಸಂಬಳವನ್ನೇ ಅಳತೆ ಮಾಡಿದ 2006ರ ಜಾಗತಿಕ ಲೆಕ್ಕದಲ್ಲಿ ಅವರಂಥವರಿಗೆ ಜಾಗವಿರಲಿಲ್ಲ. ಅವರ ಕೆಲಸದ ಒಂದು ಪಾಲು ಈಗ ಆಶಾ ಕಾರ್ಯಕರ್ತೆಯರ ಹೆಗಲ ಮೇಲಿದೆ. 2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸಾವಿರ ಜನಸಂಖ್ಯೆಗೆ ಒಬ್ಬರಂತೆ ಇವರನ್ನು ನೇಮಿಸಲಾಯಿತು. ದೇಶದಲ್ಲಿ ಇವರು ಸುಮಾರು ಹತ್ತು ಲಕ್ಷ, ಕರ್ನಾಟಕದಲ್ಲಿ ಸುಮಾರು 42 ಸಾವಿರ. ನಮ್ಮ ಮೊಹಲ್ಲಾಗಳಲ್ಲಿ ಗರ್ಭಿಣಿಯ ಹೆಸರು ಬರೆಸುವವರು, ಪೋಲಿಯೊ ಹನಿಗೆ ಮಗುವನ್ನು ಕರೆತರುವವರು, ಕೋವಿಡ್ ಕಾಲದಲ್ಲಿ ಬಾಗಿಲು ತಟ್ಟಿದವರು ಇವರೇ. 2008ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ 3253 ಎಂಬ ಸ್ವಂತ ಸಂಕೇತ ಸಿಕ್ಕಿದೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಲ್ಲಿ ಇವರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಘೋಷಿಸಿತು. ಆದರೆ ನಮ್ಮ ಸರಕಾರಿ ಕಾಗದಗಳಲ್ಲಿ ಇವರು ಸ್ವಯಂಸೇವಕಿಯರು. ಇವರು ಪಡೆಯುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಇಂಥ ಯೋಜನೆಗಳ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಪರಿಗಣಿಸಬೇಕೆಂದು 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. 2025ರ ಜನವರಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ನಾಲ್ಕು ದಿನ ಕುಳಿತರು. ತಿಂಗಳಿಗೆ 15 ಸಾವಿರ ರೂಪಾಯಿ ಬೇಕೆಂದು ಕೇಳಿದರು. ಏಪ್ರಿಲ್‌ನಿಂದ 10 ಸಾವಿರ ಸಿಗುವಂತೆ ಮಾಡುತ್ತೇವೆಂದು ಮುಖ್ಯಮಂತ್ರಿಗಳು ಭರವಸೆ ಕೊಟ್ಟ ಮೇಲೆ ಅವರು ಎದ್ದು ಊರಿಗೆ ಮರಳಿದರು.